ಒಂದು ಗಂಟೆ ಮುಂಚೆ

ಅಮ್ಮನ ಆಪರೇಷನ್ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಎಂದು ಅಕ್ಕ ಅವನಿಗೆ ಮೂರು ಸಲ ಹೇಳಿದ್ದಳು. ಒಮ್ಮೆ ಫೋನಿನಲ್ಲಿ, ಒಮ್ಮೆ ಆಸ್ಪತ್ರೆಯ ಮೆಟ್ಟಿಲ ಮೇಲೆ, ಕೊನೆಗೆ ಅವನ ಅಂಗೈ ಹಿಡಿದೆಳೆದು ಅದರ ಮೇಲೆ ಪೆನ್ನಿನಿಂದ 10 ಎಂದು ಬರೆದು. ನಲವತ್ತೆರಡು ವರ್ಷದ ಗಂಡಸು, ಮೀಸೆಯಲ್ಲಿ ಬಿಳಿ ಕೂದಲು ಇಣುಕುತ್ತಿದ್ದರೂ ಮಗುವಿನಂತೆ ಕೈ ಚಾಚಿಕೊಂಡು ನಿಂತಿದ್ದ. ಪಕ್ಕದಲ್ಲಿ ನಿಂತಿದ್ದವರು ನಗಬೇಕೋ ಬೇಡವೋ ತಿಳಿಯದೆ ಬೇರೆ ಕಡೆ ನೋಡಿದರು.

ಹೃದಯದ ಆಪರೇಷನ್. ಅಮ್ಮನಿಗೆ ಎಪ್ಪತ್ತಮೂರು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಅರ್ಧಕ್ಕರ್ಧ ಅಂದ್ಕೊಳ್ಳಿ" ಎಂದುಬಿಟ್ಟಿದ್ದರು. ಅದನ್ನು ಕೇಳಿಸಿಕೊಂಡ ಅಮ್ಮ, "ಸರಿ, ಒಳಗೆ ಹೋಗೋಕ್ಮುಂಚೆ ಇಬ್ರೂ ಮಕ್ಕಳ ಮುಖ ನೋಡ್ಬಿಟ್ಟು ಹೋಗ್ತೀನಿ" ಎಂದಳು. ಅವಳು ಕೇಳಿದ್ದು ಅಷ್ಟೇ. ರೋಗಿಯ ಜೊತೆ ಒಬ್ಬರಿಗೆ ಮಾತ್ರ ಉಳಿದುಕೊಳ್ಳಲು ಬಿಡುತ್ತಿದ್ದರು, ಅಕ್ಕ ಉಳಿದುಕೊಂಡಿದ್ದಳು. ಆದ್ದರಿಂದ ಮಗಳ ಮುಖ ಪಕ್ಕದಲ್ಲೇ ಇತ್ತು. ಬರಬೇಕಾದದ್ದು ಮಗನ ಮುಖ.

ಮಗನ ಕಸುಬು ಬಸ್ಸು, ವ್ಯಾನು, ಕಾರುಗಳ ಸೀಟು ಹೊಲಿಯುವುದು. ಅವನ ಅಂಗಡಿಯಲ್ಲಿ ಯಾವಾಗ ನೋಡಿದರೂ ಐದಾರು ಸೀಟುಗಳು ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತಿದ್ದವು. ಒಂದಕ್ಕೆ ಸ್ಪಂಜು ಕೂರಿಸಿ, ರೆಕ್ಸಿನ್ ತರಲು ಎದ್ದು, ನಡುದಾರಿಯಲ್ಲಿ ಇನ್ನೊಂದರ ಸ್ಪ್ರಿಂಗು ಕಣ್ಣಿಗೆ ಬಿದ್ದರೆ ಮುಗಿಯಿತು, ಅಲ್ಲೇ ಕುಕ್ಕರಿಸುತ್ತಿದ್ದ. ಕತ್ತರಿ ಹುಡುಕುವುದರಲ್ಲೇ ಆಯುಷ್ಯದ ಒಂದು ಪಾಲು ಕಳೆದಿದ್ದ. ಎಷ್ಟೋ ಸಲ ಅದು ಅವನ ಇನ್ನೊಂದು ಕೈಯಲ್ಲೇ ಇರುತ್ತಿತ್ತು. ಹಾಗೆಂದು ಕೆಲಸಕ್ಕೆ ಬಾರದವನೇ ಎಂದರೆ, ಅದೇ ತಮಾಷೆ. ಒಮ್ಮೆ ಹೊಲಿಗೆಯಲ್ಲಿ ಮನಸ್ಸು ಇಳಿಯಿತೆಂದರೆ ಹಸಿವು ಬಾಯಾರಿಕೆಗಳ ಪರಿವೆಯೇ ಇರುತ್ತಿರಲಿಲ್ಲ. ಬಸ್ಸು ಗುಜರಿಗೆ ಹೋದರೂ ಅವನು ಹಾಕಿದ ಹೊಲಿಗೆ ಬಿಚ್ಚಿಕೊಳ್ಳುತ್ತಿರಲಿಲ್ಲ.

ಡ್ರೈವರುಗಳು ಅವನಿಗೆ ಇಟ್ಟ ಹೆಸರು 'ಇಗೋಬಂದೆ'. ಎಲ್ಲಿದ್ದೀಯ ಎಂದು ಯಾರು ಫೋನು ಮಾಡಿದರೂ, ಇನ್ನೂ ಸ್ನಾನದ ನೀರು ಕಾದಿರದಿದ್ದರೂ, "ಇಗೋ ಬಂದೆ" ಎನ್ನುತ್ತಿದ್ದ. ಸುಳ್ಳುಗಾರನಲ್ಲ ಪಾಪ. ಹಾಗೆನ್ನುವಾಗ ತಾನು ಬಂದೇಬಿಟ್ಟೆ ಎಂದು ಅವನಿಗೆ ನಿಜವಾಗಿಯೂ ಅನ್ನಿಸುತ್ತಿತ್ತು.

ಹೋದ ವರ್ಷ ಒಬ್ಬ ಮನೋವೈದ್ಯೆಯ ಕ್ಲಿನಿಕ್ಕಿನ ಕುರ್ಚಿಗಳಿಗೆ ಹೊಸ ಹೊದಿಕೆ ಹಾಕಲು ಹೋಗಿದ್ದ. ಅವನ ಓಡಾಟವನ್ನು ಮೂರು ದಿನ ನೋಡಿದ ಆಕೆ ನಾಲ್ಕನೆಯ ದಿನ ಅವನನ್ನೇ ಆ ಕುರ್ಚಿಯಲ್ಲಿ ಕೂರಿಸಿದರು.

"ಚಿಕ್ಕೋರಿದ್ದಾಗ ಸ್ಕೂಲಲ್ಲಿ ಹೇಗಿದ್ರಿ?"

"ಬ್ಯಾಗ್ ಮನೇಲೇ ಬಿಟ್ಟು ಸ್ಕೂಲಿಗೆ ಹೋಗ್ತಿದ್ದೆ ಡಾಕ್ಟ್ರೇ" ಎಂದು ಅವನು ನಕ್ಕ. ಆಕೆ ನಗಲಿಲ್ಲ. ಮತ್ತೆ ಎರಡು ದಿನ ಕರೆಸಿ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, ಇದಕ್ಕೆ ಎಡಿಎಚ್‌ಡಿ ಎನ್ನುತ್ತಾರೆ, ಗಮನ ಒಂದೆಡೆ ನಿಲ್ಲದ ತೊಂದರೆ ಎಂದರು. "ಸೋಮಾರಿತನ ಅಲ್ಲ ಇದು. ಕಾಲು ಗಂಟೆ ಹೋದ್ರೂ ಎರಡು ಗಂಟೆ ಹೋದ್ರೂ ನಿಮ್ಮ ತಲೆಗೆ ಒಂದೇ ಥರ ಅನ್ಸುತ್ತೆ. ಹುಟ್ಟಿದಾಗಿನಿಂದ ಹಾಗೇ ಇರುತ್ತೆ."

ಅಂದು ಅವನು ಅಂಗಡಿಯ ಷಟರು ಎಳೆದುಕೊಂಡು ಒಳಗೆ ಕೂತು ಅತ್ತ. ಸೋಂಬೇರಿ, ದಂಡಪಿಂಡ, ಬೇಜವಾಬ್ದಾರಿ ಎಂದು ಮೇಷ್ಟ್ರಿಂದ ಹಿಡಿದು ಬಿಟ್ಟುಹೋದ ಹೆಂಡತಿಯವರೆಗೆ ಎಲ್ಲರೂ ಬೈದಿದ್ದರು. ಆ ಬೈಗುಳಗಳು ನಿನಗೆ ಸೇರಿದವಲ್ಲ ಎಂದು ಯಾರೋ ಹೇಳಿದ್ದು ಅದೇ ಮೊದಲು.

ದಿನಾ ಬೆಳಿಗ್ಗೆ ಒಂದು ಗುಳಿಗೆ ಶುರುವಾಯಿತು. ಎರಡನೆಯ ತಿಂಗಳು ಅಕ್ಕನ ಮಗಳ ಶಾಲೆಯಲ್ಲಿ ನಾಟಕ. "ಮೂರಕ್ಕೆ ಸರಿಯಾಗಿ ಇರು" ಎಂದಿದ್ದಳು ಅಕ್ಕ. ಮೂರಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ನಿಂತ. ಶಾಲೆಯ ಹಾಲ್‌ನಲ್ಲಿ ಆಯಾ ಒಬ್ಬಳನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಕುರ್ಚಿ ಜೋಡಿಸುತ್ತಿದ್ದ ಅವಳು, "ಇಷ್ಟು ಬೇಗ ಯಾಕ್ ಬಂದ್ರಿ? ನಾಕಕ್ಕಲ್ವಾ ಇರೋದು?" ಎಂದಳು. ಬಾಗಿಲಿಗೆ ಅಂಟಿಸಿದ್ದ ಕಾಗದದಲ್ಲೂ ನಾಲ್ಕು ಗಂಟೆ ಎಂದೇ ಇತ್ತು.

ಸಂಜೆ ಅಕ್ಕನ ಮನೆಯಲ್ಲಿ ಕೇಳಿದ. ಅವಳು ಮೊದಲು ನಕ್ಕಳು.

"ಲೋ, ಹನ್ನೆರಡು ವರ್ಷದಿಂದ ಹೀಗೇ ಕಣೋ. ನಿನಗೆ ಒಂದು ಗಂಟೆ ಮುಂಚೆ ಹೇಳಿದ್ರೆ ನೀನು ಸರಿಯಾದ ಹೊತ್ತಿಗೆ ಬರ್ತೀಯ."

ಭಾವನಿಗೆ ಗೊತ್ತಿತ್ತು. ಅಮ್ಮನಿಗೆ ಗೊತ್ತಿತ್ತು. ಹತ್ತು ವರ್ಷದ ಆ ಹುಡುಗಿಗೂ ಗೊತ್ತಿತ್ತು. ಹನ್ನೆರಡು ವರ್ಷದಲ್ಲಿ ಸಮಯಕ್ಕೆ ಸರಿಯಾಗಿ ಬಂದೆ ಎಂದು ಅವನು ಒಳಗೊಳಗೇ ಹಿಗ್ಗಿದ್ದ ದಿನಗಳೆಲ್ಲ ಇವರು ಸುಳ್ಳು ಹೇಳಿ ಮಾಡಿಕೊಟ್ಟವು!

"ನಾನೇನು ಮಗುನಾ? ನನಗೊಬ್ಬನಿಗೇ ಅಂತ ಬೇರೆ ಗಡಿಯಾರ ಇಟ್ಟಿದ್ದೀರಾ?" ಎಂದು ಕೂಗಾಡಿದ. "ಇನ್ಮೇಲೆ ನಿಜವಾದ ಟೈಮ್ ಹೇಳು. ಲೇಟಾದ್ರೆ ನಾನುಂಟು, ನನ್ನ ಹಣೆಬರಹ ಉಂಟು."

ಅಕ್ಕನ ನಗು ನಿಂತಿತು. "ಆಯ್ತು. ಟೈಮ್ ವಿಷಯದಲ್ಲಿ ಇನ್ಯಾವತ್ತೂ ನಿನಗೆ ಸುಳ್ಳು ಹೇಳಲ್ಲ. ಸರಿನಾ?"

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಮ್ಮ, "ಅವನಿಗೆ ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು ಕಣೆ" ಎಂದಳು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಹಾಳು ತಲೆ ಏನನ್ನು ಇಟ್ಟುಕೊಳ್ಳುತ್ತದೆ, ಏನನ್ನು ಚೆಲ್ಲುತ್ತದೆ ಎಂದು ಯಾರು ಬಲ್ಲರು? ಅಕ್ಕ ಹೇಳುವ ಸಮಯ ನಿಜವಾದದ್ದಕ್ಕಿಂತ ಒಂದು ಗಂಟೆ ಮುಂಚಿನದು ಎನ್ನುವುದು ಅವನ ಮನಸ್ಸಿನಲ್ಲಿ ಮೊಳೆ ಹೊಡೆದಂತೆ ಕೂತುಬಿಟ್ಟಿತು. ಅದನ್ನು ನಿಲ್ಲಿಸು ಎಂದು ಅವನೇ ಗಂಟಲು ಹರಿದುಕೊಂಡದ್ದು, ಅವಳು ಮಾತು ಕೊಟ್ಟದ್ದು, ಆ ತಿಂಗಳು ಕಳೆಯುವ ಮೊದಲೇ ಎಲ್ಲೋ ಜಾರಿಹೋಯಿತು. ಅದು ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

ಬುಧವಾರ ಬೆಳಿಗ್ಗೆ ಅವನು ಆರಕ್ಕೇ ಎದ್ದಿದ್ದ. ಗುಳಿಗೆಯ ಹಾಳೆ ಕೈಯಲ್ಲಿ ಹಿಡಿದು ಈಗಷ್ಟೇ ನುಂಗಿದೆನೋ, ಇನ್ನು ನುಂಗಬೇಕೋ ಎಂದು ತಲೆ ಕೆರೆದುಕೊಂಡ. ಲೋಟದಲ್ಲಿ ನೀರು ಅರ್ಧ ಖಾಲಿಯಾಗಿತ್ತು, ಅದರಿಂದ ಏನೂ ತಿಳಿಯಲಿಲ್ಲ. ಎರಡು ಬಿದ್ದರೆ ಎದೆ ಹೊಡೆದುಕೊಳ್ಳುತ್ತದೆ ಎಂಬ ಹೆದರಿಕೆಗೆ ಹಾಳೆಯನ್ನು ಹಾಗೇ ಇಟ್ಟ. ಫೋನು ನೋಡುತ್ತಾ ಕೂತರೆ ಹೊತ್ತು ಹೋಗುತ್ತದೆಂದು ಅದನ್ನು ಸ್ಕೂಟರಿನ ಡಿಕ್ಕಿಗೆ ಹಾಕಿ ಬೀಗ ಜಡಿದ. ಎಂಟೂವರೆಗೆ ಮನೆ ಬಿಟ್ಟ. ಆಸ್ಪತ್ರೆಗೆ ನಲವತ್ತು ನಿಮಿಷದ ದಾರಿ. ಇಷ್ಟು ಶಿಸ್ತಾಗಿ ಅವನು ಬೇರಾವ ದಿನವೂ ಹೊರಟಿರಲಿಲ್ಲ.

ದಾರಿಯಲ್ಲಿ ಅವನದೇ ಅಂಗಡಿ ಸಿಕ್ಕಿತು. ಗೋಂದಿನ ಡಬ್ಬಿಯ ಮುಚ್ಚಳ ತೆರೆದೇ ಬಿಟ್ಟಿದ್ದು ಅದನ್ನು ಕಂಡಾಗ ನೆನಪಾಯಿತು. ಸಂಜೆಯವರೆಗೆ ಬಿಟ್ಟರೆ ಕಲ್ಲಾಗುತ್ತದೆ. ಎರಡೇ ನಿಮಿಷದ ಕೆಲಸ. ಒಳಗೆ ಹೋಗಿ ಮುಚ್ಚಳ ಹಾಕಿ ತಿರುಗಿದ. ನಿನ್ನೆ ಮುಗಿಸಿಟ್ಟಿದ್ದ ವ್ಯಾನಿನ ಸೀಟಿನ ಮೂಲೆಯಲ್ಲಿ ಹೊಲಿಗೆ ಅರ್ಧ ಬೆರಳಿನಷ್ಟು ಸೊಟ್ಟಗಿತ್ತು. ನಿನ್ನೆ ಕಾಣಿಸದಿದ್ದದ್ದು ಈಗ ಕಣ್ಣಿಗೆ ಚುಚ್ಚಿತು. ನಾಲ್ಕು ಹೊಲಿಗೆ ಬಿಚ್ಚಿ ಮತ್ತೆ ಹಾಕಿದರಾಯಿತು ಎಂದು ಕೂತ.

ತಲೆಯೆತ್ತಿದಾಗ ಗೋಡೆ ಗಡಿಯಾರದಲ್ಲಿ ಒಂಬತ್ತು ನಲವತ್ತು. ಸೂಜಿ ಬಿಟ್ಟು ಎದ್ದೇಬಿಟ್ಟಿದ್ದ. ಆಗಲೇ ಆ ಲೆಕ್ಕ ತಾನಾಗಿಯೇ ಮನಸ್ಸಿಗೆ ಬಂತು: ಅಕ್ಕ ಹತ್ತು ಅಂದರೆ ಹನ್ನೊಂದು. ಉಸಿರು ನಿರಾಳವಾಯಿತು. ಅವಳ ಜಾಣತನಕ್ಕೆ ನಗು ಬಂತು, ಪ್ರೀತಿಯೂ ಬಂತು. ಮತ್ತೆ ಕೂತು, ಮೂಲೆಯ ಹೊಲಿಗೆಯನ್ನು ನೂಲು ಹಿಡಿದ ಹಾಗೆ ನೇರ ಮಾಡಿ, ಕೈ ತೊಳೆದು ಹೊರಟ.

ಹತ್ತು ನಲವತ್ತೈದಕ್ಕೆ ಆಸ್ಪತ್ರೆ ತಲುಪಿದ. ಲಿಫ್ಟಿಗೆ ಕಾಯದೆ ಮೂರು ಮಹಡಿ ಹತ್ತಿದ. ಆಪರೇಷನ್ ಥಿಯೇಟರಿನ ಎದುರಿನ ಬೆಂಚಿನಲ್ಲಿ ಅಕ್ಕ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಅಮ್ಮನ ಕನ್ನಡಕ, ಚಪ್ಪಲಿ.

"ನೋಡು, ಇನ್ನೂ ಕಾಲು ಗಂಟೆ ಇದೆ!" ಎಂದ, ಏದುಸಿರು ಬಿಡುತ್ತಾ, ಮುಖ ಅರಳಿಸಿಕೊಂಡು.

ಅಕ್ಕ ತಲೆಯೆತ್ತಿ ನೋಡಿದಳು. "ಯಾವುದಕ್ಕೆ?"

ಆ ಒಂದು ಮಾತಿಗೆ ಎಲ್ಲವೂ ವಾಪಸು ಬಂತು. ನಾಟಕದ ಸಂಜೆ, ತನ್ನ ಕೂಗಾಟ, ಅವಳು ಕೊಟ್ಟ ಮಾತು, ಅಮ್ಮ ಮೂಲೆಯಿಂದ ಆಡಿದ ಮಾತು ಕೂಡ. ಬೇಕಾದಾಗ ಬಾರದೆ, ಎಲ್ಲ ಮುಗಿದ ಮೇಲೆ ಬಂದಿತ್ತು.

"ಹತ್ತು ಅಂದ್ರೆ ಹನ್ನೊಂದು ಅಂದ್ಕೊಂಡೆ ಅಕ್ಕ" ಎಂದ.

ಅವನು ಕೂತಾಗ ಅವಳು ಪ್ಲಾಸ್ಟಿಕ್ ಕವರನ್ನು ಎತ್ತಿ ಇಬ್ಬರ ನಡುವೆ ಇಟ್ಟಳು. ಹೊಡೆದಿದ್ದರೆ, ಬಾಯಿಗೆ ಬಂದಂತೆ ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನಾಲ್ಕು ಗಂಟೆಗಳ ಕಾಲ ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಆ ನಾಲ್ಕು ಗಂಟೆಗಳ ಒಂದೊಂದು ನಿಮಿಷವೂ ಅವನಿಗೆ ಗೊತ್ತಾಯಿತು.

ಮೂರಕ್ಕೆ ಸ್ವಲ್ಪ ಮುಂಚೆ ಡಾಕ್ಟರು ಹೊರಗೆ ಬಂದು ತಲೆಯ ಟೋಪಿ ತೆಗೆದರು. ಸುತ್ತಿ ಬಳಸಿ ಮಾತಾಡುವವರಲ್ಲ ಎಂದೆನಲ್ಲ. ಎರಡು ವಾಕ್ಯದಲ್ಲಿ ಹೇಳಿ ಮುಗಿಸಿ, ಅಕ್ಕನ ಭುಜ ತಟ್ಟಿ ಹೋದರು.

ಅವನು ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದ. "ನನ್ನ ಮುಖ ನೋಡ್ಬೇಕು ಅಂದಿದ್ಲು. ಅದೊಂದೇ ಕೇಳಿದ್ಲು." ಅಕ್ಕ ಓಡಿ ಬಂದು ಹಣೆಗೂ ಗೋಡೆಗೂ ನಡುವೆ ಅಂಗೈ ಇಟ್ಟಳು. ಎರಡು ಏಟು ಅವಳ ಕೈಗೇ ಬಿತ್ತು. ಬೆಳಿಗ್ಗೆಯಿಂದ ಬಿಗಿದುಕೊಂಡಿದ್ದ ಅವಳ ಮುಖ ಸಡಿಲವಾಯಿತು.

"ಕೇಳಿಲ್ಲಿ. ನೀನು ಹತ್ತಕ್ಕೇ ಬಂದಿದ್ರೂ ಸಿಗ್ತಿರ್ಲಿಲ್ಲ ಕಣೋ. ಒಂಬತ್ತಕ್ಕೇ ಒಳಗೆ ಕರ್ಕೊಂಡು ಹೋಗ್ಬಿಟ್ರು. ಏನೋ ಅರ್ಜೆಂಟು ಅಂದ್ರು. ನಿನ್ನ ತಪ್ಪಿಲ್ಲ."

"ನಿಜ್ವಾಗ್ಲೂ?"

"ನಾನ್ಯಾಕೆ ಸುಳ್ಳು ಹೇಳ್ಲಿ?"

ನಂಬಿದ. ನಂಬದೆ ಬದುಕುವುದು ಹೇಗೆಂದು ತಿಳಿಯದೆ ನಂಬಿದ. ಭಾವನಿಗೆ ತಿಳಿಸಬೇಕು, ಬಂಧುಗಳಿಗೆ ತಿಳಿಸಬೇಕು, ಫೋನು ತರುತ್ತೇನೆ ಎಂದು ಮೆಟ್ಟಿಲಿಳಿದು ಸ್ಕೂಟರಿನ ಹತ್ತಿರ ಹೋಗಿ ಡಿಕ್ಕಿ ತೆಗೆದ.

ಅಕ್ಕನ ಹದಿನಾಲ್ಕು ಕರೆಗಳು. ಮೊದಲನೆಯದು ಒಂಬತ್ತು ಐವತ್ತಕ್ಕೆ, ಕೊನೆಯದು ಹತ್ತು ಇಪ್ಪತ್ತಕ್ಕೆ. ಅದರ ಕೆಳಗೆ ಅವಳ ನಂಬರಿನಿಂದಲೇ ಬಂದ ಒಂದು ವಾಯ್ಸ್ ಮೆಸೇಜು. ಕಿವಿಗೆ ಹಿಡಿದ. ಅಮ್ಮನ ದನಿ.

"ಎಲ್ಲಿದ್ದೀಯಪ್ಪ? ಇವರು ಇನ್ನೊಂದು ಐದು ನಿಮಿಷ ಕಾಯ್ತಾರಂತೆ. ನೀನು ಗಾಬರಿ ಬೀಳ್ಬೇಡ, ಗಾಡಿ ಜೋರಾಗಿ ಓಡಿಸ್ಬೇಡ. ನಿಧಾನಕ್ಕೇ ಬಾ. ಬಂದೇ ಬರ್ತೀಯ, ನಂಗೊತ್ತು." ಆಮೇಲೆ ಗಾಲಿಗಳ ಕಿರುಗುಟ್ಟುವ ಸದ್ದು, ಅಷ್ಟೇ.

ಇನ್ನೊಮ್ಮೆ ಕೇಳಲು ಬೆರಳೆತ್ತಿದ್ದ. ಅಷ್ಟರಲ್ಲಿ ಅಕ್ಕ ಮೆಟ್ಟಿಲುಗಳಿಂದ ಓಡೋಡಿ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮುಖದಲ್ಲಿ ಅಮ್ಮ ಹೋದ ದುಃಖಕ್ಕಿಂತ ಹೆಚ್ಚಾಗಿ ಗಾಬರಿ ಇತ್ತು.

"ಫೋನ್ ನೋಡಿದ್ಯಾ?"

ಅವಳಿಗೆ ಈಗಷ್ಟೇ ನೆನಪಾಗಿದೆ ಎಂದು ಅವನಿಗೆ ತಿಳಿಯಿತು. ಯಾವತ್ತೂ ಏನನ್ನೂ ಮರೆಯದ ಅಕ್ಕ, ಇವತ್ತು ಅವನಿಗೋಸ್ಕರ ಸುಳ್ಳು ಹೇಳುವ ಆತುರದಲ್ಲಿ ಇದೊಂದನ್ನು ಮರೆತಿದ್ದಳು.

"ಇಲ್ಲ ಅಕ್ಕ. ಈಗ ತೆಗೀತಿದ್ದೀನಿ."

"ಕೊಡಿಲ್ಲಿ ನಂಗೆ. ಎಲ್ಲರಿಗೂ ನಾನೇ ತಿಳಿಸ್ತೀನಿ. ನೀನು ಕೂತ್ಕೋ."

ಕೊಟ್ಟ. ಅವಳು ಬೆನ್ನು ತಿರುಗಿಸಿ ನಿಂತಳು. ಹೆಬ್ಬೆರಳು ಓಡಾಡುತ್ತಿತ್ತು, ಆದರೆ ಅವಳು ಯಾರಿಗೂ ಕರೆ ಮಾಡಲಿಲ್ಲ. ಒಂದೊಂದನ್ನೇ ಅಳಿಸುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಕೊನೆಗೆ ಅಮ್ಮನ ದನಿಯ ಹತ್ತಿರ ಬಂದಾಗ ಇರಬೇಕು, ಹೆಬ್ಬೆರಳು ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಬೇಡ ಅಕ್ಕ, ಅದೊಂದು ಇರಲಿ ಎಂಬ ಮಾತು ಅವನ ಗಂಟಲವರೆಗೆ ಬಂತು. ಆ ಮಾತಾಡಿದರೆ ಅವಳ ಸುಳ್ಳು ಬಯಲಾಗುತ್ತಿತ್ತು. ಅವನು ಸ್ಕೂಟರಿನ ಸೀಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

ಹೆಬ್ಬೆರಳು ಒತ್ತಿತು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ಈ ಕಡೆ ತಿರುಗಿದಳು.

"ಒಂಬತ್ತಕ್ಕಾ ಅಕ್ಕ, ಅಮ್ಮನ್ನ ಕರ್ಕೊಂಡು ಹೋಗಿದ್ದು?"

"ಹೂಂ ಕಣೋ. ಒಂಬತ್ತಕ್ಕೇ."