ಯಾವ ಸರ್ವೆ ಮಾಡಿಸ್ಲಿ ಅಣ್ಣ?

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಗೋಡೆಯಿಂದಲೋ, ನೆಲದಿಂದಲೋ? ಮನೆ ಕಟ್ಟುವವನನ್ನು ಕೇಳಿದರೆ ನೆಲದಿಂದ ಅನ್ನುತ್ತಾನೆ. ಮಾರುವವನನ್ನು ಕೇಳಿದರೆ ಸುಣ್ಣ ಹೊಡೆದ ಗೋಡೆಯಿಂದ ಅನ್ನುತ್ತಾನೆ. ನಾನು ಎರಡೂ ಅಲ್ಲ. ಹೆಸರು ಮುನಿರಾಜ್, ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ದಿನಕ್ಕೆ ಎಂಟು ಗಂಟೆ ಉಕ್ಕಿನ ಬಿಲ್ಲೆಗಳನ್ನು ಅಳೆಯುತ್ತೇನೆ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಕೆಂಪು ಚೀಟಿ ಕಟ್ಟಿ ರಿಜೆಕ್ಟ್ ಡಬ್ಬಿಗೆ ಎಸೆಯುತ್ತೇನೆ. ರಜೆಯ ದಿನ ಕಥೆ ಬರೆಯುತ್ತೇನೆ. (ಅವನ್ನು ಅಳೆಯುವವರು ಯಾರೂ ಇಲ್ಲ, ಹಾಗಾಗಿ ಇದುವರೆಗೆ ಒಂದೂ ರಿಜೆಕ್ಟ್ ಆಗಿಲ್ಲ. ಪ್ರಕಟವೂ ಆಗಿಲ್ಲ, ಬಿಡಿ.)

ಇವತ್ತು ಭಾನುವಾರ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಚಂದ್ರಲೇಖಾ ಎಂಬ ಹೆಂಗಸು ಗುಮ್ಮಳಾಪುರದ ಒಂದು ಮನೆಯ ಕ್ರಯಪತ್ರಕ್ಕೆ ಸಹಿ ಹಾಕುತ್ತಾಳೆ. ಮಾರುತ್ತಿರುವವಳು ನನ್ನ ಅಕ್ಕ ಪಾರ್ವತಮ್ಮ. ಸಹಿ ಬೀಳುವುದರೊಳಗೆ ಈ ಕಥೆ ಮುಗಿಯಬೇಕು. ಆಮೇಲೆ ಬರೆದು ಏನೂ ಉಪಯೋಗವಿಲ್ಲ.

೨

ಮೊದಲ ಡ್ರಾಫ್ಟ್: “ಚಂದ್ರಲೇಖಾ ಕಿಟಕಿಯ ಬಳಿ ನಿಂತು ದೂರದ ಬೆಟ್ಟಗಳನ್ನೇ ದಿಟ್ಟಿಸಿದಳು.”

ಥೂ! ಹೊಡೆದುಹಾಕಿದೆ. ಅವಳು ಹಾಗೆಲ್ಲ ದಿಟ್ಟಿಸುವ ಪೈಕಿ ಅಲ್ಲ. ಅಂಚೆಟ್ಟಿ ಕಡೆಯ ಕಾಡಂಚಿನ ಹಳ್ಳಿಯವಳು. ಬಸ್ಸು ಹಿಡಿಯಲು ಏಳು ಕಿಲೋಮೀಟರ್ ನಡೆದೂ ನಡೆದೂ, ಬೆಟ್ಟ ಸಾಕಪ್ಪಾ ಸಾಕು ಅಂತ ಹೊಸೂರಿಗೆ ಬಂದವಳು. ನಮ್ಮ ಅಸೆಂಬ್ಲಿ ಲೈನಿನಲ್ಲಿ ಹದಿನಾಲ್ಕು ವರ್ಷ ನಿಂತು ದುಡಿದಿದ್ದಾಳೆ. ಅಷ್ಟರಲ್ಲಿ ಒಂಬತ್ತು ಬಾಡಿಗೆ ಮನೆ ಬದಲಾಯಿಸಿದಳು. ಒಂಬತ್ತರಲ್ಲೂ ಮಲಗುವ ಕೋಣೆಯೇ ಅಡುಗೆಮನೆ.

“ಒಗ್ಗರಣೆ ವಾಸ್ನೆ ಇಲ್ದಿರೋ ತಲೆದಿಂಬು ಹೆಂಗಿರ್ತದೆ ಅಂತ ಒಂದ್ಸಲ ನೋಡ್ಬೇಕು ಕಣಣ್ಣ,” ಅಂತ ಅವಳೇ ಒಮ್ಮೆ ಹೇಳಿದ್ದಳು. ಅಕ್ಕನ ಮನೆ ಮಾರಾಟಕ್ಕಿದೆ ಅಂತ ನಾನೇ ಬಾಯಿಬಿಟ್ಟೆ. ಕರೆದುಕೊಂಡು ಹೋದೆ. ಅವಳು ಹಾಲ್ ನೋಡಲಿಲ್ಲ, ಕೋಣೆ ನೋಡಲಿಲ್ಲ. ನೇರ ಅಡುಗೆಮನೆಗೆ ಹೋಗಿ ನಡುವೆ ನಿಂತು ಎರಡೂ ಕೈ ಚಾಚಿದಳು. ಎರಡು ಕಡೆಯ ಗೋಡೆಯೂ ಕೈಗೆ ತಗುಲಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. “ಸರಿ, ಇದೇ,” ಅಂದಳು.

(ಈ ಸಾಲಿಗೆ ಅವಳು ತಕರಾರು ತೆಗೆಯುತ್ತಾಳೆ, ಗೊತ್ತು. “ನಾನೆಲ್ಲಿ ಅತ್ತೆ? ಈರುಳ್ಳಿ ಹೆಚ್ತಿದ್ರು ನಿಮ್ಮಕ್ಕ.” ಅಕ್ಕ ಅವತ್ತು ಈರುಳ್ಳಿ ಹೆಚ್ಚುತ್ತಿರಲಿಲ್ಲ.)

೩

ಹೋದ ಸೋಮವಾರ. ಕ್ಯಾಂಟೀನಿನಲ್ಲಿ ಅನ್ನಕ್ಕೆ ಸಾಂಬಾರು ಸುರಿದುಕೊಳ್ಳುತ್ತಾ ಚಂದ್ರಲೇಖಾ ಕೇಳಿದಳು.

“ಅಣ್ಣ, ಸರ್ವೆ ಅನ್ನೋದು ಎರಡು ತರ ಐತಂತೆ, ಬ್ರೋಕರ್ ಹೇಳ್ದ. ಒಂದ್ರಾಗೆ ಇಂಜಿನಿಯರ್ ಬಂದು ಗೋಡೆ, ತಾರಸಿ, ಬಿರುಕು ಎಲ್ಲಾ ನೋಡ್ತಾನಂತೆ. ಅದು ಈ ವಾರದಾಗೇ ಆಗೋಯ್ತದೆ. ಇನ್ನೊಂದ್ರಾಗೆ ತಾಲ್ಲೂಕಾಫೀಸ್ ಸರ್ವೇಯರು ಹಳೇ ನಕ್ಷೆ ಇಟ್ಕಂಡು ಕಲ್ಲಿಂದ ಕಲ್ಲಿಗೆ ನೆಲ ಅಳೀತಾನಂತೆ. ಅದುಕ್ಕೆ ಅರ್ಜಿ ಕೊಟ್ಟು ತಿಂಗಳು ಕಾಯ್ಬೇಕಂತೆ. ರಿಜಿಸ್ಟ್ರೇಷನ್ ನೋಡುದ್ರೆ ಮುಂದಿನ ಸೋಮವಾರ. ಯಾವ ಸರ್ವೆ ಮಾಡಿಸ್ಲಿ?”

ಸರಿಯಾದ ಉತ್ತರ ನನಗೆ ಗೊತ್ತಿತ್ತು. ರಿಜಿಸ್ಟ್ರೇಷನ್ ಮುಂದಕ್ಕೆ ಹಾಕು, ಎರಡನ್ನೂ ಮಾಡಿಸು, ಒಂದನ್ನೇ ಮಾಡಿಸುವುದಾದರೆ ಮೊದಲು ನೆಲ ಅಳೆಸು. ಬಿರುಕಿಗೆ ಸಿಮೆಂಟು ಮೆತ್ತಬಹುದು. ಇಷ್ಟು ಹೇಳಲು ಅರ್ಧ ನಿಮಿಷ ಸಾಕು.

“ಗೋಡೆ ನೋಡ್ಸು,” ಅಂದೆ. “ಬಚ್ಚಲ ಹತ್ರ ಒಂದು ಬಿರುಕೈತೆ, ಅದುನ್ನ ನೋಡ್ಸು. ನೆಲ ಎಲ್ಲೋಗ್ತದೆ?”

ಅವಳು ನಕ್ಕಳು. “ಅದೂ ಸರಿಯೇ ಅನ್ನು. ನೆಲ ಎಲ್ಲೋಗ್ತದೆ! ನಿಮ್ಮಕ್ಕನ ಮನೆ, ನಿಂಗೆ ತಿಳೀದಿರೋದು ಏನೈತೆ?” ಎಂದು ತನ್ನ ತಟ್ಟೆಯ ಹಪ್ಪಳ ತೆಗೆದು ನನ್ನ ತಟ್ಟೆಗೆ ಹಾಕಿದಳು. ನಾನು ಅದನ್ನು ತಿಂದೆ.

೫

(ಹೌದು, ನಾಲ್ಕು ಇಲ್ಲ. ನಂಬರ್ ಹಾಕುವಾಗ ತಪ್ಪಾಯಿತು ಅಂದುಕೊಂಡು ಮುಂದೆ ಹೋಗಿ.)

ಗುರುವಾರ ಇಂಜಿನಿಯರ್ ಉಮಾಶಂಕರ್ ಬಂದ. ಕಥೆ ಸ್ವಲ್ಪ ಹಗುರವಾಗಲಿ ಅಂತ ಅವನನ್ನು ಹಾಸ್ಯದ ಪಾತ್ರ ಮಾಡಬೇಕೆಂದಿದ್ದೆ. ಸಡಿಲ ಪ್ಯಾಂಟು ಹಾಕಿಸಿದೆ, ಕೈಗೆ ಒಂದು ಪುಟ್ಟ ಸುತ್ತಿಗೆ ಕೊಟ್ಟೆ. ಅವನು ಯಾವುದಕ್ಕೂ ಬಗ್ಗಲಿಲ್ಲ. ಗೋಡೆ ಗೋಡೆಗೂ ಕಿವಿ ಇಟ್ಟು ತಟ್ಟಿ ನೋಡಿದ. ತಾರಸಿ ಹತ್ತಿ ನೀರು ಸುರಿದ. ಬಚ್ಚಲ ಬಿರುಕಿಗೆ ಬೆರಳಿನ ಉಗುರು ತೂರಿಸಿ ನೋಡಿದ.

“ಬಿರುಕು ಮೇಲ್ಮೇಲೆ ಮೇಡಂ, ಗಾರೆ ಪೂಚು ಮಾತ್ರ. ಸ್ಟ್ರಕ್ಚರ್ ಸೂಪರ್. ಅದ್ರಾಗೂ ಈ ಅಡುಗೆಮನೆ ಕಟ್ಟಿದೋರು ಬೋ ಆಸೆಯಿಂದ ಕಟ್ಟವ್ರೆ.”

ಚಂದ್ರಲೇಖಾ ಹಿಗ್ಗಿ ಹೀರೆಕಾಯಿ ಆದಳು. ಅವನು ಸುತ್ತಿಗೆಯನ್ನು ಚೀಲಕ್ಕೆ ಹಾಕುತ್ತಾ ಸುಮ್ಮನೆ ಎಂಬಂತೆ ಕೇಳಿದ: “ನೆಲದ ಸರ್ವೆ ಆಯ್ತಾ? ಗೋಡೆ ಗಟ್ಟಿ ಅಂತ ನಾನು ಬರ್ದ್ ಕೊಡ್ತೀನಿ. ಗೋಡೆ ಯಾರ ಜಾಗದಾಗೆ ನಿಂತೈತೆ ಅಂತ ನಂಗೆ ಹೇಳಾಕಾಗಲ್ಲ.”

ಅವಳು ನನ್ನ ಮುಖ ನೋಡಿದಳು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಕಾಫಿಗೆ ನೀರಿಡಲು ಎದ್ದು ಹೋದಳು.

ಈ ಮಾತನ್ನು ಮೂರು ಸಲ ಕಥೆಯಿಂದ ತೆಗೆದೆ. ಮೂರು ಸಲವೂ ಉಮಾಶಂಕರ್ ವಾಪಸ್ಸು ಬಂದು ಅದನ್ನೇ ಕೇಳಿದ. ಪಾತ್ರಗಳಿಗೆ ಸಂಬಳ ಕೊಡದಿದ್ದರೆ ಹೀಗೇ, ಹೇಳಿದ ಮಾತು ಕೇಳುವುದಿಲ್ಲ.

೬

ಐದು ಮುಗಿಸಿ ಚಹಾ ಮಾಡಿಕೊಳ್ಳೋಣ ಅಂತ ಏಳುವಷ್ಟರಲ್ಲಿ ಚಂದ್ರಲೇಖಾ ಹಾಳೆಯಿಂದ ತಲೆಯೆತ್ತಿದಳು. (ನಿಜವಾದವಳಲ್ಲ, ಕಥೆಯವಳು. ನಿಜವಾದವಳು ಈಗ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿರಬೇಕು.)

“ಅಣ್ಣ, ಮೂರಾದ್ಮೇಲೆ ಐದಾ?”

“ಅದು ಶೈಲಿ ಕಣಮ್ಮ. ಈಗಿನ ಕಥೆಗಳು ಹಿಂಗೇ.”

“ಲೈನಾಗೆ ನಾನು ಒಂದು ಪಾರ್ಟ್ ಬಿಟ್ಟು ಮುಂದಕ್ಕೆ ತಳ್ಳುದ್ರೆ ನೀನು ಇಡೀ ಲೈನೇ ನಿಲ್ಲಿಸ್ತಿದ್ದೆ. ಅದು ಯಾವ ಶೈಲಿ?”

“ನಿಂಗೆ ಕಥೆ ತಿಳಿಯಲ್ಲ, ಸುಮ್ಕಿರು.”

“ತಿಳಿಯಲ್ಲಪ್ಪ. ನಾನು ಓದಿದ್ದು ತಮಿಳ್ ಮೀಡಿಯಮ್ಮು. ಕನ್ನಡ ಮಾತಾಡ್ತೀನಿ, ಅಕ್ಷರ ಬರಾಕಿಲ್ಲ. ಅದು ನಿಂಗೆ ಗೊತ್ತಿದ್ದೇ ಇದುನ್ನ ಕನ್ನಡದಾಗೆ ಬರೀತಾ ಕುಂತಿದ್ದೀಯಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಮುಟ್ಟಿ ನೋಡಿಕೊಂಡೆ. ಅವಳ ಮಾತು ನಿಜ. ಈ ಕಥೆ ಅವಳ ಕೈಗೇ ಸಿಕ್ಕರೂ ಅವಳು ಅದರಲ್ಲಿ ಕಡಲೆಕಾಯಿ ಕಟ್ಟುತ್ತಾಳೆ ಅಷ್ಟೆ. ಆ ಧೈರ್ಯದಲ್ಲೇ ನಾನು ಬರೆಯುತ್ತಿರುವುದು. ನನಗೆ ನಾಚಿಕೆಯಾಗುತ್ತಿದೆ.

ನಾಲ್ಕನ್ನು ನಾನು ಬರೆದಿಲ್ಲ ಅಂತಲ್ಲ. ಎಲ್ಲಕ್ಕಿಂತ ಮೊದಲು ಬರೆದದ್ದೇ ಅದು, ಬುಧವಾರ, ಶಿಫ್ಟಿನ ನಡುವೆ, ಎರಡು ಕೆಂಪು ರಿಜೆಕ್ಟ್ ಚೀಟಿಗಳ ಹಿಂದೆ. ಆಮೇಲೆ ಅಂಗಿ ಜೇಬಿಗೆ ಹಾಕಿಕೊಂಡುಬಿಟ್ಟೆ. ತೆಗೊಳ್ಳಿ.

೪

ಆ ಕಲ್ಲನ್ನು ಕಿತ್ತು ಸರಿಸಿದವರಲ್ಲಿ ನಾನೂ ಒಬ್ಬ.

ಗಂಡ ಬಿಟ್ಟುಹೋದ ಮೇಲೆ ಅಕ್ಕ ತವರಿಗೆ ಬಂದಳು. ಅವಳ ಕೈಯ ಮುದ್ದೆ, ಹುರುಳಿ ಸಾರಿಗೆ ಊರಲ್ಲಿ ಹೆಸರಿತ್ತು. ನಮ್ಮಪ್ಪ ಬಚ್ಚಪ್ಪ, “ನನ್ನ ಮಗಳು ಯಾರ ಮನೆ ಬಾಗ್ಲಾಗೂ ಕೈ ಚಾಚಾಕಿಲ್ಲ, ಅಡುಗೆ ಆರ್ಡರ್ ಹಿಡ್ದು ಬದುಕ್ತಾಳೆ,” ಎಂದು ದೊಡ್ಡ ಅಡುಗೆಮನೆ ಕಟ್ಟಲು ಹೊರಟ. ಜಾಗ ಎರಡು ಅಡಿ ಒಂಬತ್ತು ಇಂಚು ಕಮ್ಮಿ ಬಿತ್ತು. ಆ ಕಡೆ ಕದಿರಮ್ಮನ ಖಾಲಿ ಸೈಟು. ನಡುವೆ ಮೂಲೆಯಲ್ಲಿ ಸರ್ಕಾರದ ಗಡಿಕಲ್ಲು.

ಆ ಕಲ್ಲಿಗೆ ನಮ್ಮ ಬೀದಿಯವರು ಯಾವ ಕಾಲದಿಂದಲೋ ಅರಿಶಿನ ಕುಂಕುಮ ಹಚ್ಚಿ ಮುನೇಶ್ವರ ಅನ್ನುತ್ತಿದ್ದರು. ಒಂದು ದಿನ ಅಪ್ಪ ಬೀದಿಗೆಲ್ಲ ಸಾರಿದ: “ಸ್ವಾಮಿ ಕನಸಾಗೆ ಬಂದಿದ್ದ. ಬಚ್ಚಲ ನೀರು ತಾಕ್ತದೆ, ಒಸಿ ಆ ಕಡೀಕೆ ಕೂರ್ಸು ಅಂದ.” ಸ್ವಾಮಿ ಎಷ್ಟು ದೂರ ಅಂತ ಹೇಳಿದ್ದನೋ ಇಲ್ಲವೋ, ಅಪ್ಪ ಮಾತ್ರ ಟೇಪು ಹಿಡಿದು ಅಳೆದಿದ್ದ. ನನಗಾಗ ಇಪ್ಪತ್ತು ವರ್ಷ. ಹಾರೆಯ ಒಂದು ತುದಿ ಅಪ್ಪ, ಒಂದು ತುದಿ ನಾನು. ತಮಟೆ ಬಡಿಸಿದೆವು, ಬೀದಿಗೆಲ್ಲ ಪೊಂಗಲು ಹಂಚಿದೆವು. ಕದಿರಮ್ಮ ತಾನೇ ತೆಂಗಿನಕಾಯಿ ಒಡೆದಳು. “ದೇವ್ರು ನಮ್ ಕಡೀಕೆ ಬಂದವ್ನೆ, ಬ್ಯಾಡ ಅನ್ನಾಕಾಯ್ತದಾ?” ಅಂದಳು.

ಆಗ ಬೇಡ ಅನ್ನಲಿಲ್ಲ. ಆದರೆ ಅವಳ ಮಗ ಕುಮಾರೇಶ್ ಹೋದ ತಿಂಗಳು ಬೈಕು ನಿಲ್ಲಿಸಿ ನನಗೆ ಹೇಳಿದ: “ಪಾರ್ವತಕ್ಕ ಇರೋಗಂಟ ನಾವು ಬಾಯಿ ಬಿಡಾಕಿಲ್ಲ. ಹೊರಗ್ನೋರು ಬಂದ್ರೋ, ಮಾರನೇ ದಿನಾನೇ ಸರ್ವೇಯರ್‌ಗೆ ಅರ್ಜಿ ಕೊಡ್ತೀನಿ.”

ಮಿಕ್ಕ ಮೂರು ಕಲ್ಲು ಇನ್ನೂ ಇದ್ದಲ್ಲೇ ಇವೆ. ಅವುಗಳಿಂದ ಅಳೆದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಎಂಟಡಿಯ ಅಡುಗೆಮನೆಯಲ್ಲಿ ಎರಡು ಅಡಿ ಒಂಬತ್ತು ಇಂಚು ಹೋದರೆ ಹೊಸ ಗೋಡೆ ಎಬ್ಬಿಸಿ ಒಲೆಕಟ್ಟೆ ಹಾಕಿದ ಮೇಲೆ ಆಳು ತಿರುಗಲು ಜಾಗವಿರುವುದಿಲ್ಲ, ಕೈ ಚಾಚುವುದಂತೂ ದೂರದ ಮಾತು.

೭

ಈಗ ಮುಕ್ತಾಯ. ಮೂರು ಬರೆದಿಟ್ಟಿದ್ದೇನೆ.

ಒಂದು. ಚಂದ್ರಲೇಖಾ ಸಹಿ ಹಾಕುತ್ತಾಳೆ, ಹಾಲುಕ್ಕಿಸುತ್ತಾಳೆ. ಆರು ತಿಂಗಳಿಗೆ ಸರ್ವೇಯರ್ ಬರುತ್ತಾನೆ, ಅಡುಗೆಮನೆ ಬೀಳುತ್ತದೆ. ಅವಳು ಕ್ಯಾಂಟೀನಿನಲ್ಲಿ ನನ್ನ ಎದುರಿಗೇ ಕೂತು ಊಟ ಮಾಡುತ್ತಾಳೆ, ಮಾತಾಡುವುದಿಲ್ಲ.

ಎರಡು. ನಾನು ಹೇಳುತ್ತೇನೆ, ಮಾರಾಟ ನಿಲ್ಲುತ್ತದೆ. ಈ ಮನೆಯ ದುಡ್ಡು ನಂಬಿ ಅಕ್ಕ ಕೃಷ್ಣಗಿರಿಯ ಕೋರ್ಟಿನ ಬೀದಿಯಲ್ಲಿ ಮೆಸ್ ತೆರೆಯಲು ಜಾಗ ಹಿಡಿದಿದ್ದಾಳೆ, ಅಂಡೆ ಬೋಗುಣಿಗಳೂ ಹೋಗಿ ಕೂತಿವೆ. ಐವತ್ತೆರಡನೇ ವಯಸ್ಸಿಗೆ ಮೊದಲ ಸಲ ತನ್ನದು ಅಂತ ಬೋರ್ಡು ಬರೆಸಿದ್ದಾಳೆ. ಅದೆಲ್ಲ ಮಣ್ಣುಪಾಲು.

ಮೂರು. ಕದಿರಮ್ಮನ ಮನಸ್ಸು ಕರಗುತ್ತದೆ, ಎಲ್ಲರೂ ಕಲ್ಲಿನ ಮುಂದೆ ಕೈಮುಗಿದು ನಿಲ್ಲುತ್ತಾರೆ. (ಇದನ್ನು ಹರಿದು ಹಾಕಿದೆ. ಬರೆಯುವಾಗ ನನಗೇ ನಗು ಬಂತು.)

ಎರಡನೆಯದನ್ನು ಓದಿ ಅಕ್ಕ ಕಥೆಯೊಳಗಿಂದ ಎದ್ದುಬಂದಳು. “ಏನ್ಲಾ, ಅಪ್ಪ ನಂಗೋಸ್ಕರ ಮಾಡಿದ್ದುನ್ನ ಊರಿಗೆಲ್ಲ ಸಾರ್ತೀಯಾ? ಆ ಅಡುಗೆಮನೆ ಅನ್ನ ತಿಂದೇ ನೀನು ಐಟಿಐ ಓದಿದ್ದು ಕಣ್ಲಾ.”

“ಅದುಕ್ಕೇ ಅಕ್ಕ, ನನ್ ಬಾಯಿ ಕಟ್ಟೋಗಿರೋದು.”

“ಹಂಗಾದ್ರೆ ಕಟ್ಕಂಡೇ ಇರು.”

ಅವಳು ಅಷ್ಟು ಹೇಳಿ ಹೋಗಿದ್ದರೆ ಸುಲಭವಿತ್ತು. ಹೋಗಲಿಲ್ಲ. ಸೆರಗಿನ ತುದಿ ಹಿಂಡುತ್ತಾ ನಿಂತಳು. “ಆ ಹುಡ್ಗಿ ಕೈ ಚಾಚ್ಕಂಡು ನಿಂತಾಗ ನಂಗೂ ಹೇಳ್ಬುಡಾನ ಅನ್ನುಸ್ತು ಕಣ್ಲಾ,” ಅಂದಳು. ಇದನ್ನು ನಾನು ಅವಳ ಬಾಯಲ್ಲಿ ಇಟ್ಟದ್ದಲ್ಲ, ಆಣೆ ಮಾಡುತ್ತೇನೆ. ಅಥವಾ ನಾನೇ ಇಟ್ಟೆನೋ ಏನೋ. ಅಕ್ಕ ನಿಜವಾಗಿ ಹಾಗೆ ಅಂದುಕೊಂಡಿದ್ದಾಳೆಯೇ ಅಂತ ಕೇಳುವ ಧೈರ್ಯ ನನಗಿಲ್ಲ.

೮

ಸೋಮವಾರ, ಹನ್ನೊಂದೂ ಕಾಲು. ಸಾಕ್ಷಿಗೆ ನಾನು ಹೋಗಬೇಕಿತ್ತು. ಜ್ವರ ಅಂತ ಹೇಳಿ ರೂಮಿನಲ್ಲೇ ಕೂತಿದ್ದೇನೆ. ಫೋನು ಬಂತು. ಚಂದ್ರಲೇಖಾ, ನಿಜವಾದವಳು.

“ಅಣ್ಣ, ಜ್ವರ ಹೆಂಗೈತೆ? ಇಲ್ಲಿ ಸಾಕ್ಷಿಗೆ ಬೇರೆಯೋರು ಸಿಕ್ಕಿದ್ರು ಬಿಡು. ನಮ್ದು ಹತ್ತೊಂಬತ್ತನೇ ಟೋಕನ್, ಇವಾಗ ಹದಿನೈದು ನಡೀತೈತೆ. ಕುಂತೂ ಕುಂತೂ ಬೇಜಾರು. ನಮ್ ಬಗ್ಗೆ ಏನೋ ಕತೆ ಬರೀತಿದ್ದೀಯಂತೆ, ನಿಮ್ಮಕ್ಕ ಹೇಳುದ್ರು. ನಂಗೆ ಓದಾಕೆ ಬರಲ್ಲ, ನೀನೇ ಓದು. ಸ್ಪೀಕರ್ ಹಾಕ್ತೀನಿ, ಅಕ್ಕಾನೂ ಕೇಳಲಿ.”

ಆಮೇಲೆ ಓದ್ತೀನಿ ಅಂದೆ. “ಆಮೇಲೆ ಏನ್ ಆಮೇಲೆ? ಇವಾಗ್ಲೇ ಓದು,” ಅಂದಳು. ಫೋನನ್ನು ಲೋಟಕ್ಕೆ ಒರಗಿಸಿ ಒಂದನ್ನು ಓದಿದೆ. ಎರಡನ್ನು ಓದಿದೆ. “ನಾನೆಲ್ಲಿ ಅತ್ತೆ!” ಅಂತ ಅವಳು ಕೂಗಿಕೊಂಡಳು, ಹಿಂದೆ ಅಕ್ಕ ನಕ್ಕದ್ದು ಕೇಳಿಸಿತು. ಮೂರರಲ್ಲಿ ಸರಿಯಾದ ಉತ್ತರದ ಐದಾರು ಸಾಲು ಹಾರಿಸಿದೆ. ಹಪ್ಪಳದ ಸಾಲು ಬಂದಾಗ ಇಬ್ಬರೂ ನಕ್ಕರು. ಹದಿನೆಂಟು ಅಂತ ಯಾರೋ ತಮಿಳಿನಲ್ಲಿ ಕೂಗಿದರು.

“ಮುಂದಕ್ಕೆ?” ಅಂದಳು ಚಂದ್ರಲೇಖಾ.

ಮುಂದಕ್ಕೆ ನನ್ನ ಕೈಯಲ್ಲಿ ಐದರ ಹಾಳೆಯಿತ್ತು. ಉಮಾಶಂಕರನ ಸಡಿಲ ಪ್ಯಾಂಟು, ಪುಟ್ಟ ಸುತ್ತಿಗೆ. ಅದನ್ನು ಓದುತ್ತಾ ಹೋದರೆ ಹತ್ತೊಂಬತ್ತು ಬಂದುಬಿಡುತ್ತದೆ. ಈ ಕಥೆಗೆ ಮುಕ್ತಾಯ ಏನು ಅಂತ ನೀವು ಕೇಳುತ್ತಿದ್ದರೆ, ದಯವಿಟ್ಟು ಬೇಡ. ನಾನು ಜೇಬಿನಿಂದ ಕೆಂಪು ಚೀಟಿಗಳನ್ನು ತೆಗೆದು ಮೂರರ ಕೆಳಗೆ, ಅವು ಇರಬೇಕಾದಲ್ಲಿ ಇಟ್ಟೆ.

“ನಾಲ್ಕು,” ಅಂದೆ. “ಆ ಕಲ್ಲನ್ನು ಕಿತ್ತು ಸರಿಸಿದವರಲ್ಲಿ ನಾನೂ ಒಬ್ಬ.”

ಅಕ್ಕನ ನಗು ನಿಂತಿತು. ಹತ್ತೊಂಬತ್ತು, ಹತ್ತೊಂಬತ್ತು ಅಂತ ಎರಡು ಸಲ ಕೂಗಿದರು. ಬೆಂಚಿನಿಂದ ಯಾರೂ ಎದ್ದ ಸದ್ದು ಕೇಳಲಿಲ್ಲ.

“ಯಾವ ಕಲ್ಲಣ್ಣ?” ಅಂದಳು ಚಂದ್ರಲೇಖಾ.