ಸೋದರತ್ತೆ ಕೊಟ್ಟ ಮಾತು

ಒಂದಾನೊಂದು ದ್ವೀಪದಲ್ಲಿ ಒಬ್ಬಳು ಸೋದರತ್ತೆಯಿದ್ದಳು. ತಮ್ಮನ ಮನೆಯಲ್ಲಿ ಅವಳು ಹೂಂ ಎಂದರೆ ಹಂದಿ ಕಡಿಯುತ್ತಿದ್ದರು, ಉಹೂಂ ಎಂದರೆ ಮದುವೆ ನಿಲ್ಲುತ್ತಿತ್ತು. ಆ ಅತ್ತೆ ಕಲೊಲೈನೆ ಈಗ, ಟೊಂಗಾದವರು ಮರ್ಯಾದೆಗೆಂದು ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ನೇಯಾಫುವಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ತಮ್ಮನ ಮಗಳು ಸಿನಿವಾ. ತಾನೇ ಕರೆತರುವೆನೆಂದು ಅತ್ತೆ ಎರಡು ತಿಂಗಳ ಹಿಂದೆ ಮಾತು ಕೊಟ್ಟಿದ್ದ ರಕ್ತಪರೀಕ್ಷೆಗೆ ಇವತ್ತು ಬಂದಿದ್ದರು.

ಚಿಕ್ಕಂದಿನ ಜ್ವರ ಸಿನಿವಾಳ ಹೃದಯದ ಕವಾಟವನ್ನೇ ತಿಂದುಹಾಕಿತ್ತು. ನ್ಯೂಜಿಲೆಂಡಿನಲ್ಲಿ ಕೃತಕ ಕವಾಟ ಹಾಕಿ ಕಳಿಸಿದ್ದರು. ಆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ಒಂದು ಮಾತ್ರೆ. ಮಾತ್ರೆ ಸಾಲುತ್ತಿದೆಯೇ ಎಂದು ನೋಡಲು ತಿಂಗಳಿಗೊಮ್ಮೆ ಬೆರಳಿಗೆ ಸೂಜಿ. ಸೊಪ್ಪು ಹೆಚ್ಚಾದರೆ ಮಾತ್ರೆಯ ಬಲ ಕುಗ್ಗುತ್ತದೆಂದು ನರ್ಸ್ ಫಿಫಿತಾ ಹೇಳಿದ್ದಳು.

ಈಸ್ಟರ್ ಕಳೆದು ತಮ್ಮನ ಮನೆಗೆ ಬಂದ ಕಲೊಲೈನೆಗೆ ಇದೆಲ್ಲ ಹಿಡಿಸಲಿಲ್ಲ. "ಕಡ್ಡಿ ಹಾಗಿದ್ದೀಯಲ್ಲೇ, ಯಾರು ನೋಡ್ತಾರೆ ನಿನ್ನ?" ಎನ್ನುತ್ತ, ಕೆಸುವಿನೆಲೆಯಲ್ಲಿ ಮಾಂಸ, ತೆಂಗಿನಹಾಲು ಸುತ್ತಿ ಬೇಯಿಸಿದ್ದನ್ನು ದಿನವೂ ಬಡಿಸಿದಳು.

"ಎಲೆ ಜಾಸ್ತಿ ತಿನ್ನಬಾರದಂತೆ ಅತ್ತೆ."

"ನಿಮ್ಮಜ್ಜಿ ತೊಂಬತ್ತು ವರ್ಷ ತಿಂದಳು. ಆ ನರ್ಸಮ್ಮ ಏನು ನಿಮ್ಮಪ್ಪನ ಅಕ್ಕನಾ?"

ಅಪ್ಪ ತಲೆಯೆತ್ತದೆ ಉಂಡ. ಅಪ್ಪನ ಅಕ್ಕ ಬಡಿಸಿದ್ದನ್ನು ಬೇಡವೆನ್ನುವ ರೂಢಿ ಟೊಂಗಾದ ಯಾವ ಮನೆಯಲ್ಲೂ ಇಲ್ಲ. ಸಿನಿವಾ ತಿಂದಳು. ಪರೀಕ್ಷೆಯ ದಿನ, ಮದುವೆಯೊಂದಕ್ಕೆ ಕೊಡಲು ಇಬ್ಬರೂ ನೇಯುತ್ತಿದ್ದ ಚಾಪೆ ಅರ್ಧಕ್ಕೆ ನಿಂತಿತ್ತು.

"ರಕ್ತ ಎಲ್ಲಿಗೂ ಓಡಿಹೋಗಲ್ಲ, ಕೂತ್ಕೊ. ಮುಂದಿನ ವಾರ ನಾನೇ ಕರ್ಕೊಂಡು ಹೋಗ್ತೀನಿ."

ಮುಂದಿನ ವಾರವೂ ಚಾಪೆ ಮುಗಿಯಲಿಲ್ಲ. ಮೂರನೆಯ ವಾರ, ನೇಯುತ್ತಿದ್ದಂತೆಯೇ ಸಿನಿವಾಳ ಎಡಗೈಯಿಂದ ಎಳೆ ಜಾರಿತು. ಎತ್ತಿಕೊಳ್ಳಲು ಬಾಗಿದವಳು ಹಾಗೇ ಒರಗಿದಳು. ಕವಾಟದಲ್ಲಿ ಕಟ್ಟಿದ ಹೆಪ್ಪು ಮಿದುಳಿಗೇರಿತ್ತು. ಜೀವ ಉಳಿಯಿತು, ಎಡಗೈ ಸ್ವಾಧೀನಕ್ಕೆ ಬರಲಿಲ್ಲ. ಮನೆಗೆ ಮರಳಿದ ಮೇಲೆ ಇದೇ ಮೊದಲ ಪರೀಕ್ಷೆ.

"ಬಾರೇ ಸಿನಿವಾ," ಫಿಫಿತಾ ಒಳಗೆ ಕರೆದಳು. "ಯಾವ ಬೆರಳು ಕೊಡ್ತೀಯ?"

ಸಿನಿವಾ ಬಲಗೈಯಿಂದ ಎಡಗೈಯನ್ನು ಎತ್ತಿ ಮೇಜಿನ ಮೇಲಿಟ್ಟಳು. "ಇದಕ್ಕೆ ಚುಚ್ಚಿ ಅಕ್ಕ. ಇದಕ್ಕೆ ಗೊತ್ತಾಗಲ್ಲ."

ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಕಲೊಲೈನೆಗೆ.

ಚುಚ್ಚಿದರೂ ಹನಿ ಬರಲಿಲ್ಲ. "ಕೈ ತಣ್ಣಗಿದೆ, ಬಿಸಿನೀರು ತರ್ತೀನಿ," ಎಂದು ಫಿಫಿತಾ ಎದ್ದಳು.

"ತಾಳಮ್ಮ," ಎಂದಳು ಕಲೊಲೈನೆ. ತಮ್ಮನ ಮಕ್ಕಳೆದುರು ಎಂದೂ ತಗ್ಗಿನಲ್ಲಿ ಕೂರದವಳು ಸಿನಿವಾಳ ಕುರ್ಚಿಯ ಬುಡದಲ್ಲಿ ನೆಲಕ್ಕೆ ಕೂತು, ಆ ಕೈಯನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದಳು.

"ಮೇಲೇಳಿ ಅತ್ತೆ, ಜನ ನೋಡ್ತಿದ್ದಾರೆ."

"ನೋಡ್ಲಿ ಬಿಡು."

ಬೆರಳ ತುದಿ ಕೆಂಪೇರಲು ಬಹಳ ಹೊತ್ತು ಹಿಡಿಯಿತು. ಫಿಫಿತಾ ಮತ್ತೊಮ್ಮೆ ಚುಚ್ಚಿದಳು. ಹನಿ ನಿಧಾನ ತುಂಬಿ ಪರೀಕ್ಷೆಯ ಪಟ್ಟಿಗೆ ಇಳಿಯಿತು. ಪುಟ್ಟ ಯಂತ್ರ ಒಂದು ನಿಮಿಷ ಸುಮ್ಮನಿದ್ದು ಅಂಕಿ ತೋರಿಸಿತು.

"ಎರಡು ಪಾಯಿಂಟ್ ಎಂಟು. ಸರಿಯಾಗಿದೆ," ಎಂದು ಫಿಫಿತಾ ಬರೆದುಕೊಂಡಳು.

ಕಲೊಲೈನೆ ನೆಲದಲ್ಲೇ ಕೂತು ಆ ಬೆರಳಿಗೆ ಹತ್ತಿ ಒತ್ತಿ ಹಿಡಿದಿದ್ದಳು.