ಕೂಸಿನ ಕಾಲ್ಗಡಗ

ಹನಮೇಶನಿಗೆ ಬೇಕಾಗಿದ್ದು ಹಳೆಯ ಬಂಗಾರದ ನಾಣ್ಯ. ಅವನ ದೊಡ್ಡವ್ವ ದುರುಗವ್ವನಿಗೆ ಬೇಕಾಗಿದ್ದು ಒಂದು ಜೋಡಿ ಬೆಳ್ಳಿ ಕಾಲ್ಗಡಗ. ನೆಲದೊಳಗೆ ಲೋಹ ಇದ್ದರೆ ಕುಂಯ್ ಎನ್ನುವ ಮಷಿನ್ನನ್ನು ಅವನು ಗಂಗಾವತಿಯಿಂದ ಬಾಡಿಗೆಗೆ ತಂದಿದ್ದ. ಸಿದ್ದಾಪುರದ ಕಡೆ ಗುದ್ದಲಿ ಹಿಡಿದವನಿಗೆಲ್ಲ ರಾಯರ ಕಾಲದ ಹೊನ್ನು ತುಂಬಿದ ಕೊಪ್ಪರಿಗೆಯ ಕನಸು ಬೀಳುತ್ತದೆ, ಏನು ಮಾಡುವುದು! ಮೂರು ದಿನ ಹೊಲದಮನೆಯ ಸುತ್ತ ತಿರುಗಿದ್ದಕ್ಕೆ ಸಿಕ್ಕಿದ್ದು ಎತ್ತಿನ ಲಾಳ, ಮುರಿದ ಕುಡಗೋಲು, ನಿಜಾಮನ ಕಾಲದ ಒಂದು ಸವೆದ ತಾಮ್ರದ ದುಡ್ಡು.

ದುರುಗವ್ವ ಮಾತ್ರ ಅವನ ಬೆನ್ನು ಬಿಡಲಿಲ್ಲ. ಬದುವಿನ ಕಡೆ ನೋಡು, ಬೇವಿನ ಬುಡದಲ್ಲಿ ನೋಡು ಎಂದು ಜೀವ ತಿಂದಳು. ಮೂವತ್ತು ವರ್ಷದ ಹಿಂದೆ ಅವಳ ಚೊಚ್ಚಲ ಮಗಳು ಒಂಬತ್ತು ತಿಂಗಳಿಗೇ ಜ್ವರ ಬಂದು ತೀರಿಹೋಗಿದ್ದಳು; ಕಾಲಿನ ಬೆಳ್ಳಿ ಕಡಗದ ಸಮೇತ ಕೂಸನ್ನು ಈ ಹೊಲದಲ್ಲೇ ಎಲ್ಲೋ ಹೂತರೆಂದು ದುರುಗವ್ವ ನಂಬಿದ್ದಳು. ಹೆತ್ತವಳು ಕೂಸಿನ ಮಣ್ಣಿಗೆ ಹೋಗಬಾರದು, ಜಾಗ ಕೇಳಬಾರದು, ಕೇಳಿದರೆ ಮುಂದಿನದು ಉಳಿಯುವುದಿಲ್ಲ ಎಂಬುದು ಆ ಮನೆಯ ರೂಢಿ. ಬೆಂಕಿ ಬೀಳಲಿ ಅಂಥ ರೂಢಿಗೆ! ಅತ್ತೆ ಬಾಯಿ ಬಿಡದೆಯೇ ಸತ್ತಳು. ಹೊಲವನ್ನು ಗದ್ದೆ ಮಾಡುವಾಗ ಟ್ರ್ಯಾಕ್ಟರು ಮಣ್ಣನ್ನೆಲ್ಲ ಸರಿಸಿ, ಗಂಡ ಬಾಲಪ್ಪನಿಗೂ ಗುರುತು ತಪ್ಪಿತು. ಕಾಲ್ಗಡಗ ಸಿಕ್ಕ ಕಡೆ ಕೈಯಿಟ್ಟು ಒಮ್ಮೆ ಅಳಬೇಕು, ಅಷ್ಟೇ ಅವಳ ಆಸೆ.

ಮೂರನೆಯ ದಿನ ಸಂಜೆ ಬಾಲಪ್ಪನಿಗೆ ಅವಳ ಪಾಡು ನೋಡಲಾಗಲಿಲ್ಲ. ಬದುವಿನ ಮೇಲೆ ಕುಳಿತು, ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಹುಡುಕಬ್ಯಾಡ. ಕೂಸಿನ ಕಾಲಾಗ ಏನೂ ಇರಲಿಲ್ಲ. ಬೆಳ್ಳಿ ಮಣ್ಣಿಗಿ ಹಾಕಬಾರ್ದಂತ ಅವ್ವ ಬಿಚ್ಚಿಕೊಂಡಿದ್ಲು. ನಮ್ಮ ಮಗ ನಾಗೇಶ ಹುಟ್ಟಿದಾಗ ಗೆಜ್ಜಿ ಕೂಡಿಸಿ, ಹೊಸಾವು ಅಂತ ಕೊಟ್ಲಲ್ಲ, ಅವೇ ಅವು."

ದುರುಗವ್ವ ನಿಂತಲ್ಲೇ ನಿಂತಳು. ಆ ಕಡಗಗಳನ್ನು ತನ್ನ ಕೈಯಾರೆ ಮಗನ ಕಾಲಿಗೆ ತೊಡಿಸಿ, ಅತ್ತೆ ದೊಡ್ಡ ಮನಸ್ಸಿನವಳೆಂದು ಓಣಿಯೆಲ್ಲ ಹೇಳಿಕೊಂಡು ಬಂದಿದ್ದಳು. ಒಳಗೆ ಹೋಗಿ, ಮೊಮ್ಮಕ್ಕಳಿಗೆಂದು ಟ್ರಂಕಿನಲ್ಲಿ ಇಟ್ಟಿದ್ದ ಆ ಜೋಡಿಯನ್ನು ತಂದಳು. ಅಂಗಳದಲ್ಲಿ ಅಂಗೈಯಗಲ ಮಣ್ಣು ಕೆದರಿ, ಅವನ್ನಿಟ್ಟು ಮುಚ್ಚಿದಳು.

"ಹನಮೇಶ, ಮಷಿನ್ ಹಿಡಿ."

ಅವನು ಹಿಡಿದ. ಅದು ಕುಂಯ್ ಎಂದು ಕೂಗಿತು.

"ನನ್ನ ಕೂಸು ಸಿಕ್ಕಿದ್ರ ಹಿಂಗ ಕೂಗತಿತ್ತೇನಪಾ?"

ಹೂಂ ದೊಡ್ಡವ್ವ ಎಂದ ಹನಮೇಶ, ತಲೆ ಎತ್ತದೆ.

"ಇನ್ನೊಮ್ಮಿ ಹಿಡಿ," ಎಂದು ದುರುಗವ್ವ ಅಲ್ಲೇ ಕುಳಿತು, ಆ ಮಣ್ಣಿನ ಮೇಲೆ ಎರಡೂ ಕೈಯಿಟ್ಟು, ಮೂವತ್ತು ವರ್ಷದ ಅಳುವನ್ನು ಅತ್ತಳು.